ಸುಬೇದಾರರ ಕೆಮ್ಮು

ಭಾನುವಾರ ಬೆಳಿಗ್ಗೆ ಇಮ್ತಿಯಾಜ್ ಗೋಧಿ ನುಚ್ಚು ಹುರಿಯತೊಡಗಿದರೆ ನನಗೆ ಉಪ್ಪಿಟ್ಟು ನೆನಪಾಗಬೇಕು, ನಾಯಿಗಳು ನೆನಪಾಗುತ್ತವೆ. ಇದನ್ನು ಬಾಯಿಬಿಟ್ಟು ಹೇಳಿ ಒಮ್ಮೆ ಇಡೀ ದಿನ ಉಪವಾಸ ಬಿದ್ದಿದ್ದೇನೆ. ದೇಶದ ರಾಜಧಾನಿಯಲ್ಲಿ, ಮಯೂರ್ ವಿಹಾರಿನ ನಮ್ಮ ಬಾಡಿಗೆ ಫ್ಲಾಟಿನಲ್ಲಿ ಅಡುಗೆ ಈ ದಾವಣಗೆರೆ ಗೆಳೆಯನದು, ಪಾತ್ರೆ ತೊಳೆಯುವುದು ನನ್ನದು. ಅಂಥ ಒಪ್ಪಂದದಲ್ಲಿ ಬಾಯಿ ಯಾರು ಮುಚ್ಚಿಕೊಂಡಿರಬೇಕೆಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಮೂಗು ಸುಳ್ಳು ಹೇಳುವುದಿಲ್ಲ. ಅದೇ ನುಚ್ಚಿಗೆ ಅರಿಸಿನ ಹಾಕಿ, ಹಂಡೆಯಲ್ಲಿ ಗಂಜಿಯ ಹದಕ್ಕೆ ಬೇಯಿಸಿದರೆ ಅದು ದಲಿಯಾ. ಕೆಲವು ವರ್ಷಗಳ ಹಿಂದೆ, ಮಾನೇಸರಿನ ದಾರಿಯಲ್ಲಿದ್ದ ಒಂದು ನಾಯಿಗಳ ಶೆಲ್ಟರಿನಲ್ಲಿ ಭಾನುವಾರದ ನನ್ನ ಉದ್ಯೋಗ ಅದನ್ನು ಬಡಿಸುವುದು. ಜೀವದಯೆಯಿಂದ ಸೇರಿದೆ ಎಂದರೆ ಚೆನ್ನಾಗಿ ಕೇಳುತ್ತದೆ. ನಿಜ ಏನೆಂದರೆ, ಹೌಜ್ ಖಾಸಿನಿಂದ ಒಬ್ಬ ಹುಡುಗಿ ಅಲ್ಲಿಗೆ ಬರುತ್ತಾಳೆಂದು ಕೇಳಿದ್ದೆ. ಅವಳು ಎರಡು ವಾರ ಬಂದಳು. ನಾನು ಎರಡು ವರ್ಷ ಹೋದೆ.

ಶೆಲ್ಟರನ್ನು ನೋಡಿಕೊಳ್ಳುತ್ತಿದ್ದವರು ಮುತ್ತಮ್ಮ ಆಂಟಿ. ಕೊಡಗಿನವರು, ಗಂಡ ಸೈನ್ಯದಿಂದ ನಿವೃತ್ತರಾಗಿ ಇಲ್ಲೇ ನೆಲೆಸಿದವರು. ನಾಯಿಗಳ ಜೊತೆಯಲ್ಲೇ ಇರುತ್ತಿದ್ದವನು ರಾಮ್‌ಸಿಂಗ್ ಭಯ್ಯಾ. ದಿನಕ್ಕೆ ಹತ್ತು ಮಾತಾಡಿದರೆ ಒಂಬತ್ತು ನಾಯಿಗಳೊಂದಿಗೆ. ನನಗೋ ಆಗ ಒಂದು ಚಟ. ಯಾರು ಹೇಗೆ ಮಾತಾಡಿದರೂ ಅರ್ಧ ಗಂಟೆಯಲ್ಲಿ ಅದು ನನ್ನ ಗಂಟಲಿಗೆ ಇಳಿಯುತ್ತಿತ್ತು. ನಾನಾಗ ಕೆಲಸಕ್ಕಿದ್ದ ಮಾನೇಸರಿನ ಫ್ಯಾಕ್ಟರಿಯ ಮ್ಯಾನೇಜರು, ಬಸ್ ಕಂಡಕ್ಟರು, ಆಗಾಗ ಮಾತಿನ ಕೊನೆಗೆ "ಅಚ್ಛಾ?" ಎನ್ನುವ ಆಂಟಿ, ಯಾರನ್ನೂ ಬಿಡಲಿಲ್ಲ.

"ಎಲ್ಲರ ಹಾಗೂ ಮಾತಾಡ್ತೀಯಲ್ಲ ಮಗಾ, ನಿನ್ನ ಹಾಗೆ ಯಾವಾಗ ಮಾತಾಡೋದು?" ಎಂದು ಆಂಟಿ ಒಮ್ಮೆ ಕೇಳಿದ್ದರು.

"ಅದಕ್ಕೆ ಗಿರಾಕಿ ಇಲ್ಲ ಆಂಟಿ."

"ಅದನ್ನ ಯಾರಾದ್ರೂ ಕೇಳಿದ್ರೆ ತಾನೆ ಗೊತ್ತಾಗೋದು, ಅಚ್ಛಾ?"

ಹೀಗಿರುವಾಗ ಒಂದು ಭಾನುವಾರ ಸುಬೇದಾರ್ ಸಾಹೇಬರೊಬ್ಬರು ಜಿಮ್ಮಿಯನ್ನು ಕರೆತಂದರು. ಕಂದು ಬಣ್ಣದ, ಒಂದು ಕಿವಿ ಮಡಚಿದ, ಯಾವ ಜಾತಿಗೂ ಸೇರದ ನಾಯಿ. ಅವರಿಗೆ ಗಡಿಗೆ ಪೋಸ್ಟಿಂಗ್ ಆಗಿತ್ತು. ಹೆಂಡತಿ ಮಕ್ಕಳು ಹೋಗಲಿದ್ದ ಮೈಸೂರಿನ ಬಾಡಿಗೆ ಮನೆಯಲ್ಲಿ ನಾಯಿ ಕೂಡದು. ಅವರಿಗೆ ಪ್ರತಿ ಮಾತಿಗೆ ಮುಂಚೆ ಎರಡು ಸಲ ಗಂಟಲು ಕೆರೆದು ಕೆಮ್ಮುವ ಅಭ್ಯಾಸ. ಎರಡು ಕೆಮ್ಮು, ಒಂದು ಆಜ್ಞೆ. "ಕ್ಹೂಂ, ಕ್ಹೂಂ. ಬೆಳಿಗ್ಗೆ ಆರಕ್ಕೆ ವಾಕಿಂಗ್. ಕ್ಹೂಂ, ಕ್ಹೂಂ. ಬಟ್ಟಲು ಇಟ್ಟಮೇಲೆ ಶಾಬಾಶ್ ಅನ್ನಬೇಕು, ಇಲ್ಲದಿದ್ರೆ ಮುಟ್ಟಲ್ಲ." ಪಟ್ಟಿ ಮುಗಿಯಿತು. ಜಿಮ್ಮಿಯ ತಲೆ ಮುಟ್ಟದೆ ಹಿಂದಿರುಗಿದರು. ಗೇಟಿನಾಚೆ ಹೋದಮೇಲೂ ಕೆಮ್ಮು ಕೇಳುತ್ತಲೇ ಇತ್ತು, ಎರಡಲ್ಲ, ನಾಲ್ಕೈದು. ಅಲ್ಲಿ ಆಜ್ಞೆ ಕೇಳುವವರು ಯಾರೂ ಇರಲಿಲ್ಲ. ನನಗೆ ಅದು ಆಗ ಹೊಳೆಯಲಿಲ್ಲ. ನಾನು ಕೆಮ್ಮಿನ ಲಯ ಕಲಿಯುವುದರಲ್ಲಿದ್ದೆ.

ಜಿಮ್ಮಿ ಮೊದಲ ವಾರವೆಲ್ಲ ಗೇಟಿನ ಬಳಿಯೇ ಇತ್ತಂತೆ. ಶಾಬಾಶ್ ಅಂದರೂ ಬಟ್ಟಲು ಮುಟ್ಟಲಿಲ್ಲ. ರಾಮ್‌ಸಿಂಗ್ ಪಕ್ಕದಲ್ಲಿ ಕೂತು ಕೂತು, ಮೂರನೆಯ ವಾರದ ಹೊತ್ತಿಗೆ ಅದು ಅವನ ಹಿಂದೆ ಹಂಡೆಯವರೆಗೆ ಬರುವಂತಾಯಿತು, ಅರ್ಧ ಬಟ್ಟಲು ತಿನ್ನುವಂತಾಯಿತು. ಆ ಭಾನುವಾರ ಎಲ್ಲರೂ ಖುಷಿಯಲ್ಲಿದ್ದರು. ನಗಿಸಲು ಇದಕ್ಕಿಂತ ಒಳ್ಳೆಯ ಮುಹೂರ್ತ ಉಂಟೇ? ಸೌಟು ಕಂಕುಳಲ್ಲಿ ಸಿಕ್ಕಿಸಿ, ಎದೆ ಸೆಟೆಸಿ ನಿಂತು, ಶುರುಮಾಡಿದೆ. "ಕ್ಹೂಂ, ಕ್ಹೂಂ. ಜಿಮ್ಮೀ, ಚಲೋ ಮರಿ, ಮನೆಗೆ ಹೋಗೋಣ."

ಆಂಟಿ ನಗಲು ಬಾಯಿ ತೆರೆದವರು ಹಾಗೇ ನಿಂತರು. ಜಿಮ್ಮಿ ಬಟ್ಟಲಿನಿಂದ ತಲೆಯೆತ್ತಿತು. ಮಡಚಿದ ಕಿವಿಯೂ ನೆಟ್ಟಗಾಯಿತು. ನನ್ನತ್ತ ನೋಡಲೇ ಇಲ್ಲ. ನನ್ನಲ್ಲಿ ನೋಡುವಂಥದ್ದೇನೂ ಇರಲಿಲ್ಲ. ಸೀದಾ ಗೇಟಿಗೆ ಓಡಿತು. ಬಾಲ ಆಡಿಸುತ್ತ, ಸಂದಿಯಲ್ಲಿ ಮೂಗು ತೂರಿಸಿ ನಿಂತಿತು. ಸ್ವಲ್ಪ ಹೊತ್ತಾದಮೇಲೆ ಬಾಲ ನಿಂತಿತು. ಜಿಮ್ಮಿ ಮಾತ್ರ ನಿಂತೇ ಇತ್ತು.

"ಯೇ ಕ್ಯಾ ಕರ್ ದಿಯಾ, ಭಯ್ಯಾ," ಎಂಥ ಕೆಲಸ ಮಾಡಿಬಿಟ್ಟೆ, ಎಂದ ರಾಮ್‌ಸಿಂಗ್. ಅವನು ಆ ದಿನ ಮನುಷ್ಯರೊಂದಿಗೆ ಆಡಿದ ಮಾತು ಅದೊಂದೇ.

ಸಂಜೆಯ ಬಟ್ಟಲೂ ಹಾಗೇ ಉಳಿಯಿತು. ಮೂರು ವಾರ ಅರೆಹೊಟ್ಟೆಯಲ್ಲಿದ್ದ ನಾಯಿ, ಇನ್ನು ಕೆಲವು ದಿನ ಹೀಗೇ ಆದರೆ ಉಳಿಯಲಿಕ್ಕಿಲ್ಲ ಎಂದು ಆಂಟಿ ಹೇಳಿದರು. ನಾನೊಂದು ಉಪಾಯ ಸೂಚಿಸಿದೆ: ಅದೇ ದನಿಯಲ್ಲಿ ಊಟಕ್ಕೆ ಕರೆದರೆ?

"ನಾಳೆಯೂ ಕರೀತೀಯಾ? ನಾಡಿದ್ದು? ದಿನಾ ಸುಳ್ಳು ಹೇಳೋಕೆ ಮಾನೇಸರಿನಿಂದ ಬರ್ತೀಯಾ?" ಆಂಟಿ ಬೈಯಲಿಲ್ಲ, ಕೇಳಿದರು ಅಷ್ಟೆ. "ಕರೆದವನು ನೀನು. ಹೋಗಿ ಅಲ್ಲಿ ಕೂತ್ಕೋ. ಬಾಯಿ ಮುಚ್ಚಿಕೊಂಡು."

ಮರುದಿನ ಮ್ಯಾನೇಜರಿಗೆ ಫೋನು ಮಾಡಿ, ಮೂಗು ಕಟ್ಟಿದವನ ದನಿಯಲ್ಲಿ ಮೂರು ದಿನ ರಜೆ ಕೇಳಿದೆ. ಆ ವಿದ್ಯೆಯ ಕೊನೆಯ ಸದುಪಯೋಗ ಅದು. ಆಮೇಲೆ ಗೇಟಿನ ಬಳಿ ಚಕ್ಕಳಮಕ್ಕಳ ಹಾಕಿ ಕೂತೆ. ಸುಮ್ಮನೆ ಕೂರುವುದು ಎಷ್ಟು ಕಷ್ಟವೆಂದು ನನ್ನಂಥ ವಾಚಾಳಿಯನ್ನು ಕೇಳಿ. ರಾಮ್‌ಸಿಂಗ್ ದಲಿಯಾದ ಬಟ್ಟಲು ತಂದು ನಮ್ಮಿಬ್ಬರ ನಡುವೆ ಇಟ್ಟು ಹೋಗುತ್ತಿದ್ದ. ಅದು ತಣ್ಣಗಾಗಿ ಕೆನೆ ಕಟ್ಟಿದಮೇಲೆ ಅವನೇ ಬಂದು ಒಯ್ಯುತ್ತಿದ್ದ. ಮೂರನೆಯ ದಿನ ಮಧ್ಯಾಹ್ನ ನನಗೆ ತೂಕಡಿಕೆ. ಲೊಚಲೊಚ ಶಬ್ದ ಕೇಳಿ ಕಣ್ಣು ಬಿಟ್ಟರೆ ಜಿಮ್ಮಿ ಬಟ್ಟಲಿಗೆ ಬಾಯಿ ಹಾಕಿತ್ತು. ಮೊದಲ ಸಲ ನನ್ನ ಸ್ವಂತ ದನಿಯಲ್ಲಿ, ಮೆಲ್ಲಗೆ, "ಶಾಬಾಶ್" ಎಂದೆ. ಅದು ಕಿವಿ ಕೂಡ ಅಲ್ಲಾಡಿಸಲಿಲ್ಲ. ತಿಂದು ಮುಗಿಸಿ ರಾಮ್‌ಸಿಂಗನ ಹತ್ತಿರ ಹೋಗಿ ಮಲಗಿತು. ನನಗೆ ಅಷ್ಟೇ ಸಾಕಾಗಿತ್ತು.

ವರ್ಷವಾದಮೇಲೆ ಸುಬೇದಾರರು ರಜೆಯಲ್ಲಿ ಬಂದರು. ನಾಲ್ಕು ದಿನದಲ್ಲಿ ವಾಪಸು ಗಡಿಗೆ. ಗೇಟು ತೆರೆಯಲು ಹೋದ ನನ್ನನ್ನು ಕೈಯೆತ್ತಿ ತಡೆದರು. ಚಿಟಿಕೆ ಮಣ್ಣು ಎತ್ತಿ ತೂರಿ, ಗಾಳಿ ಯಾವ ಕಡೆಗಿದೆ ಎಂದು ನೋಡಿದರು. ತಮ್ಮ ವಾಸನೆ ಒಳಗೆ ಸುಳಿಯದಂತೆ ಸುತ್ತಿ ಹೋಗಿ ಗಾಳಿಗೆ ಎದುರಾಗಿ, ಬೇಲಿಯ ಮರೆಯಲ್ಲಿ ನಿಂತರು. ಜೇಬಿನಿಂದ ಕರವಸ್ತ್ರ ತೆಗೆದು ಬಾಯಿಗೆ ಒತ್ತಿಕೊಂಡರು. ಒಳಗೆ ಜಿಮ್ಮಿ ರಾಮ್‌ಸಿಂಗನ ಕಾಲ ಬಳಿ ಬಟ್ಟಲು ನೆಕ್ಕುತ್ತಿತ್ತು. ಅದು ಮುಗಿಯುವವರೆಗೂ ನೋಡಿದರು. ಭುಜ ಎರಡು ಸಲ ಅಲುಗಿತು, ಸದ್ದು ಹೊರಡಲಿಲ್ಲ. ನನ್ನತ್ತ ತಲೆಯಾಡಿಸಿ ರಸ್ತೆಯವರೆಗೂ ಹಾಗೇ ಬಾಯಿ ಮುಚ್ಚಿಕೊಂಡೇ ನಡೆದರು.

ಉಪ್ಪಿಟ್ಟು ಆಯಿತು. ಇಮ್ತಿಯಾಜ್ ತಟ್ಟೆ ಮುಂದಿಟ್ಟು, "ಆ ಸುಬೇದಾರರದ್ದೊಂದು ಮಾಡಿ ತೋರಿಸೋ, ಮಾಡ್ತೀನಿ ಮಾಡ್ತೀನಿ ಅಂತ ಎಷ್ಟು ದಿನದಿಂದ ಹೇಳ್ತಿದೀಯ," ಎನ್ನುತ್ತಾನೆ. ಇಷ್ಟು ವರ್ಷ ತಪ್ಪಿಸಿಕೊಂಡಿದ್ದೆ. ಇವತ್ತು ಎದ್ದು ನಿಲ್ಲುತ್ತೇನೆ. ಪಾತ್ರೆ ಒರೆಸುವ ಬಟ್ಟೆಯನ್ನು ಬಾಯಿಗೆ ಒತ್ತಿ, ಕಿಟಕಿಯಾಚೆ ನೋಡುತ್ತ ನಿಲ್ಲುತ್ತೇನೆ.

ಅವನು ಸ್ವಲ್ಪ ಹೊತ್ತು ಕಾಯುತ್ತಾನೆ. "ಇದರಲ್ಲಿ ದನಿಯೇ ಇಲ್ಲವಲ್ಲೋ."

"ಇಷ್ಟೇ ಇರೋದು," ಎಂದು ಕೂತು ತಿನ್ನತೊಡಗುತ್ತೇನೆ.