ಜಯಪಾಲಣ್ಣನಿಗೆ ಸಿಗದ ಎರಡು ನಿಮಿಷ

ಸತ್ತವರನ್ನು ಹೊಗಳಬೇಡಿ ಎಂದು ನಾನು ಹೇಳುವುದಿಲ್ಲ. ಆದರೆ ಬದುಕಿದ್ದಾಗ ಹೆಸರಿಗೆ ಮಸಿ ಬಳಿದವರೇ ಆಮೇಲೆ ಫೋಟೋಕ್ಕೆ ಹಾರ ಹಾಕಿ ಕಣ್ಣೊರೆಸಿಕೊಂಡರೆ ನೋಡುವವರ ಮೈ ಉರಿಯುವುದಿಲ್ಲವೇ? ನನ್ನದಂತೂ ಉರಿಯಿತು. ಇನ್ನೂ ಆರಿಲ್ಲ. ಅದಕ್ಕೇ ಜಯಪಾಲಣ್ಣನ ವಿಷಯ ಬರೆಯಲು ಕೂತಿದ್ದೇನೆ.

ಜಯಪಾಲಣ್ಣ ದುಬೈಯ ಜೆಬೆಲ್ ಅಲಿಯಲ್ಲಿ ಕಂಪನಿ ಬಸ್ಸಿನ ಡ್ರೈವರ್. ಊರು ಬೆಳ್ಮಣ್ಣಿನ ಹತ್ತಿರ. ದುಬೈಗೆ ಬಂದು ಇಪ್ಪತ್ತೆಂಟು ವರ್ಷವಾಯಿತು. ದಿನಾ ಬೆಳಿಗ್ಗೆ ನಾಲ್ಕೂವರೆಗೆ ಕ್ಯಾಂಪಿನಿಂದ ಕೆಲಸಗಾರರನ್ನು ಹತ್ತಿಸಿಕೊಂಡು ಹೊರಡುತ್ತಾರೆ, ಸಂಜೆ ಅವರನ್ನೇ ತಿರುಗಿ ತಂದು ಬಿಡುತ್ತಾರೆ. ನಾನು ಸತ್ವಾದ ಒಂದು ಕ್ಲಿನಿಕ್ಕಿನಲ್ಲಿ ನರ್ಸ್. ಭಾನುವಾರ ಅವರು ಎರಡು ಬಸ್ಸು ಬದಲಿಸಿ ನನ್ನ ಹತ್ತಿರ ಬಿಪಿ ನೋಡಿಸಿಕೊಳ್ಳಲು ಬರುತ್ತಾರೆ.

"ಅಷ್ಟು ದೂರದಿಂದ ಯಾಕೆ ಬರ್ತೀರಿ, ಅಲ್ಲೇ ಕ್ಲಿನಿಕ್ ಉಂಟಲ್ಲ?" ಎಂದರೆ, "ಬೇರೆಯವರು ಬಿಡುವ ಬಸ್ಸಲ್ಲಿ ಕೂತ್ರೆ ಒಳ್ಳೆ ನಿದ್ದೆ ಬರ್ತದೆ ಅಕ್ಕ. ಅದೇ ನನ್ನ ರಜೆ" ಎನ್ನುತ್ತಾರೆ. ಜೋರು ಮಾತಿನ ಮನುಷ್ಯನಲ್ಲ. ಕೈಗೆ ಪಟ್ಟಿ ಕಟ್ಟಿ ಗಾಳಿ ತುಂಬಿಸುವಾಗ ಮಾತ್ರ ಹಳೆಯದೇನಾದರೂ ಹೇಳುತ್ತಾರೆ. ಶೀನಪ್ಪ ಮಾಸ್ತರರ ವಿಷಯ ನನಗೆ ಗೊತ್ತಾದದ್ದು ಹಾಗೆ.

ಮಾಸ್ತರರು ನಮ್ಮ ಕಡೆಯ ಶಾಲೆಯಲ್ಲಿ ಪಾಠ ಹೇಳಿಕೊಂಡಿದ್ದವರು, ಒಂದೇ ಒಂದು ಸಲ ಶಾಸಕರಾದವರು. ಹದಿನೈದು ವರ್ಷದ ಹಿಂದೆ ದುಬೈಯಲ್ಲಿ ಕಟ್ಟಡದ ಕೆಲಸಗಳೆಲ್ಲ ನಿಂತಾಗ ಜಯಪಾಲಣ್ಣನ ಆಗಿನ ಕಂಪನಿಯ, ನಮ್ಮ ಊರ ಕಡೆಯವರೇ ಆದ ಧನಿ ಆಫೀಸಿಗೆ ಬೀಗ ಜಡಿದು ಕಾಣೆಯಾದರು. ಕ್ಯಾಂಪಿನಲ್ಲಿ ನಲವತ್ತಮೂರು ಜನ, ಅವರ ಪಾಸ್‌ಪೋರ್ಟ್‌ಗಳು ಬೀಗದ ಒಳಗೆ. ಜುಲೈ ತಿಂಗಳು, ಕರೆಂಟೂ ಇಲ್ಲ. ಜಯಪಾಲಣ್ಣ ಊರಿಗೆ ಫೋನು ಮಾಡಿ ಮಾಸ್ತರರ ಹತ್ತಿರ ಅತ್ತರು. ಆಗ ಶಾಸಕರಾಗಿದ್ದ ಮಾಸ್ತರರು ಬಂದೇಬಿಟ್ಟರು.

ಇಲ್ಲಿರುವ ನಮ್ಮ ಊರ ಕಡೆಯವರ ಸಂಘದವರು ಬರ್ ದುಬೈಯಲ್ಲಿ ಹೋಟೆಲ್ ಹಿಡಿದು ಸನ್ಮಾನಕ್ಕೆ ಶಾಲು, ಪೇಟ ಎಲ್ಲ ತಂದಿಟ್ಟಿದ್ದರು. ಮಾಸ್ತರರು ಕೈಚೀಲ ಎತ್ತಿಕೊಂಡು ಸೀದಾ ಕ್ಯಾಂಪಿಗೆ ಹೋದರು. ಒಂಬತ್ತು ದಿನ ಜಯಪಾಲಣ್ಣನ ಮಂಚದಲ್ಲಿ ಮಲಗಿದರು. ಬೆವರು ಸುರಿಸಿಕೊಂಡು ಕಾನ್ಸುಲೇಟು, ಲೇಬರ್ ಆಫೀಸು ಅಲೆದರು, ಅಬುಧಾಬಿಯ ರಾಯಭಾರ ಕಚೇರಿಗೂ ಎರಡು ಸಲ ಹೋದರು. ನಲವತ್ತೆರಡು ಜನ ಊರು ಸೇರಿದರು. ಜಯಪಾಲಣ್ಣ ಬೇರೆ ಕಂಪನಿ ಹುಡುಕಿಕೊಂಡು ಇಲ್ಲೇ ಉಳಿದರು.

ಆ ಧನಿಗೆ ಇದು ತಡೆದುಕೊಳ್ಳಲಾಗಲಿಲ್ಲ. ಮುಂದಿನ ಚುನಾವಣೆಗೆ ಊರೆಲ್ಲ ಸುದ್ದಿ ಹಬ್ಬಿಸಿದರು: ಮಾಸ್ತರರು ದುಬೈ ಧನಿಗಳನ್ನು ಹೆದರಿಸಿ ಚಿನ್ನ ಕಟ್ಟಿಸಿಕೊಂಡು ಬಂದಿದ್ದಾರೆ ಎಂದು. ಮಾಸ್ತರರು ಸೋತರು. ಸೋತದ್ದು ಹಾಳಾಗಿ ಹೋಗಲಿ, ಆ ಮಾತು ಅಂಟಿಕೊಂಡೇ ಬಿಟ್ಟಿತು. ಅವರ ಮಗಳು ಮದುವೆಮನೆಗೆ ಒಂದೆಳೆ ಸರ ಹಾಕಿಕೊಂಡು ಹೋದರೂ "ಇದು ದುಬೈಯದ್ದಾ?" ಎಂದು ಕೇಳುವ ಹೆಂಗಸರು ಇವತ್ತಿಗೂ ಇದ್ದಾರೆ.

ಆ ಧನಿಯೇ ಈಗ ನಮ್ಮ ಸಂಘದ ಅಧ್ಯಕ್ಷರು. ಬೇರೆ ಹೆಸರಿನ ಕಂಪನಿ, ಬೇರೆ ಕಾರು. ಅವರ ಹೆಸರು ಬರೆದು ನನ್ನ ಪೆನ್ನು ಹೊಲಸು ಮಾಡಿಕೊಳ್ಳುವುದಿಲ್ಲ.

ಹೋದ ತಿಂಗಳು ಮಾಸ್ತರರು ತೀರಿಕೊಂಡರು. ಸಂಘದಿಂದ ನುಡಿನಮನ ಎಂದಾಯಿತು. ಸಂಘದ ಕಾರ್ಯಕ್ರಮಗಳನ್ನು ನಿರೂಪಿಸುವವಳು ನಾನೇ. ಆ ಭಾನುವಾರ ಜಯಪಾಲಣ್ಣ ಪಟ್ಟಿ ಕಟ್ಟುವ ಮೊದಲೇ ಕೇಳಿದರು: "ಅಕ್ಕ, ನನಗೊಂದು ಎರಡು ನಿಮಿಷ ಮಾತಾಡ್ಲಿಕ್ಕೆ ಕೊಡ್ತೀರಾ? ಫೋನಲ್ಲಿ ಲೈವ್ ಬರ್ತದಂತಲ್ಲ, ಮಾಸ್ಟ್ರ ಮಗಳು ನೋಡ್ತಾಳಂತೆ. ಚಿನ್ನದ ಮಾತು ಸುಳ್ಳು ಅಂತ ಹತ್ತು ಜನರೆದುರು ಅವಳ ಕಿವಿಗೆ ಬಿದ್ರೆ ಸಾಕು. ಅದನ್ನು ಕಣ್ಣಾರೆ ಕಂಡವರಲ್ಲಿ ಇಲ್ಲಿ ಉಳಿದವ ನಾನೊಬ್ಬನೇ."

ಅವರ ಬಿಪಿ ಅವತ್ತು ನೂರ ಎಪ್ಪತ್ತಿತ್ತು. ನಾನು ಮಾತಾಡುವವರ ಪಟ್ಟಿಯಲ್ಲಿ ಅವರ ಹೆಸರು ಬರೆದೆ. ಅಧ್ಯಕ್ಷರು ಅದನ್ನು ನೋಡಿ ಕೆಂಪು ಪೆನ್ನಿನಲ್ಲಿ ಗೀಟು ಹಾಕಿದರು. "ಎಂತ ರಾಜೀವಿ ನೀವು? ಡ್ರೈವರುಗಳನ್ನೆಲ್ಲ ಸ್ಟೇಜಿಗೆ ಹತ್ತಿಸಿದ್ರೆ ಕಾರ್ಯಕ್ರಮದ ಲೆವೆಲ್ ಎಂತ ಆಗ್ಬೇಕು? ಟೈಮೂ ಇಲ್ಲ."

ನಾನು ಏನು ಮಾಡಿದೆ ಗೊತ್ತೇ? "ಸರಿ ಸರ್" ಎಂದೆ. ಇದನ್ನು ಬರೆಯುವಾಗ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ. ಎಲ್ಲವೂ ಗೊತ್ತಿದ್ದವಳು, ಸಂಘದ ಮೈಕು ಕೈತಪ್ಪುತ್ತದೆಂದು ಹೆದರಿ ಬಾಯಿ ಹೊಲಿದುಕೊಂಡೆ.

ಟೈಮಿಲ್ಲದ ಆ ಸಭೆಯಲ್ಲಿ ಹನ್ನೊಂದು ಜನ ಮಾತಾಡಿದರು. ಒಬ್ಬರು ತಮ್ಮ ಹೊಸ ಅಂಗಡಿಯ ವಿಷಯ ಹೇಳಿ ಮಾಸ್ತರರನ್ನು ಕೊನೆಗೆ ನೆನಪು ಮಾಡಿಕೊಂಡರು. ಇನ್ನೊಬ್ಬರು ಅವರ ಹೆಸರನ್ನೇ ತಪ್ಪಾಗಿ ಹೇಳಿದರು. ಬ್ಯಾನರಿನಲ್ಲಿ ಮಾಸ್ತರರಿಗಿಂತ ಅಧ್ಯಕ್ಷರ ಮುಖವೇ ದೊಡ್ಡದಿತ್ತು. ಜಯಪಾಲಣ್ಣ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಹಿಂದೆ ನೀರಿನ ಬಾಟಲಿಗಳ ಪಕ್ಕ ನಿಂತಿದ್ದರು. ಒಮ್ಮೆ ನನ್ನನ್ನು ನೋಡಿದರು. ನಾನು ತಲೆ ತಗ್ಗಿಸಿದೆ.

ಕೊನೆಗೆ ಅಧ್ಯಕ್ಷರು ಎದ್ದರು. ಕರ್ಚೀಫು ತೆಗೆದರು. "ಮಾಸ್ತರರು ದುಬೈಗೆ ಬಂದಾಗ ಅವರನ್ನು ನೋಡಿಕೊಂಡದ್ದು ನಾವೇ. ಆಮೇಲೆ ಚಿನ್ನ ಗಿನ್ನ ಅಂತ ಏನೇನೋ ಮಾತು ಬಂತು. ಮನುಷ್ಯ ಅಂದಮೇಲೆ ತಪ್ಪು ಮಾಡ್ತಾನೆ. ನಾನಂತೂ ಅವರನ್ನು ಯಾವತ್ತೋ ಕ್ಷಮಿಸಿದ್ದೇನೆ" ಎಂದರು.

ಕ್ಷಮಿಸಿದ್ದಾರಂತೆ, ಪುಣ್ಯಾತ್ಮ. ಊರಿನಲ್ಲಿ ಆ ಮಗಳು ಇದನ್ನು ಕೇಳುತ್ತಿದ್ದಾಳೆ. ಹಳೇ ಸುಳ್ಳನ್ನು ತೊಳೆಯಬೇಕಿದ್ದ ಸಭೆಯಲ್ಲೇ ಅದಕ್ಕೆ ಹೊಸ ಬಣ್ಣ ಬಳಿದಾಯಿತು. ಜನ ಚಪ್ಪಾಳೆ ತಟ್ಟಿದರು.

ಇನ್ನು ಉಳಿದದ್ದು ಮೌನ ಪ್ರಾರ್ಥನೆ. "ಎಲ್ಲರೂ ಎದ್ದು ನಿಂತು ಒಂದು ನಿಮಿಷ ಮೌನ ಆಚರಿಸಬೇಕಾಗಿ ವಿನಂತಿ" ಎಂದೆ. ಇನ್ನೂರು ಜನ ಎದ್ದು ತಲೆ ತಗ್ಗಿಸಿದರು.

ಆಗ ಹಿಂದಿನಿಂದ ದನಿ ಬಂತು.

"ಮಾಸ್ಟ್ರನ್ನು ಏರ್‌ಪೋರ್ಟಿಗೆ ಬಿಟ್ಟದ್ದು ನಾನು. ಅವರ ಚೀಲ ತುಂಬಿಸಿದ್ದೂ ನಾನೇ. ಎರಡು ಪಂಚೆ, ಒಂದು ಟವಲು, ಬಿಪಿ ಮಾತ್ರೆ. ಚಿನ್ನ ಇರ್ಲಿಲ್ಲ."

ಜೋರಾಗಿ ಹೇಳಲಿಲ್ಲ. ಅಷ್ಟು ಜನ ಸುಮ್ಮನಿದ್ದ ಹಾಲಿನಲ್ಲಿ ಜೋರು ಬೇಕಾಗಲೂ ಇಲ್ಲ, ಲೈವ್ ಬಿಡುತ್ತಿದ್ದ ಫೋನೂ ಆನ್ ಆಗಿಯೇ ಇತ್ತು. ಕ್ಯಾಂಪು, ಜುಲೈ, ನಲವತ್ತಮೂರು ಜನ, ಬೀಗ ಹಾಕಿದ ಆಫೀಸು, ಎಲ್ಲವನ್ನೂ ಒಂದೊಂದಾಗಿ ಹೇಳಿದರು. "ಆ ಬೀಗ ಹಾಕಿದವರು ಈಗ ಮಾಸ್ಟ್ರ ಫೋಟೋದ ಹತ್ತಿರ ನಿಂತಿದ್ದಾರೆ" ಎಂದೂ ಹೇಳಿದರು.

ಯಾರೂ ತಡೆಯುವಂತಿರಲಿಲ್ಲ. ಮೌನದಲ್ಲಿ ಬಾಯಿ ಬಿಟ್ಟರೆ ಸತ್ತವರಿಗೆ ಅವಮಾನವಲ್ಲವೇ. ಅಧ್ಯಕ್ಷರ ಮುಖ ಬಿಳಿಚಿಕೊಂಡಿತು. ನನ್ನ ಕಡೆ ಓರೆಯಾಗಿ ನೋಡಿ ಹಲ್ಲು ಕಚ್ಚಿಕೊಂಡೇ, "ಖಲಾಸ್ ಮಾಡಿ, ಒಂದು ನಿಮಿಷ ಆಯ್ತು" ಎಂದರು.

ನಿಮಿಷ ಮುಗಿಯಿತೆಂದು ಹೇಳಬೇಕಾದವಳು ನಾನು. ನಾನು ಹೇಳದೆ ಯಾರೂ ಕೂರುವಂತಿಲ್ಲ. ಗಡಿಯಾರ ನೋಡಿದೆ. ಒಂದಾಯಿತು, ಎರಡಾಯಿತು, ಐದೂ ಆಯಿತು. ಮೈಕನ್ನು ಎದೆಗೆ ಒತ್ತಿ ಹಿಡಿದುಕೊಂಡು ಸುಮ್ಮನೆ ನಿಂತೆ.

ಕೊನೆಗೆ ಜಯಪಾಲಣ್ಣ ಬಿಳಿ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡರು. "ನನ್ನದು ಆಯ್ತು ಅಕ್ಕ" ಎಂದರು.

ನಾನು ಮೈಕು ಬಾಯಿಯ ಹತ್ತಿರ ತಂದು ಹೇಳಿದೆ: "ಈಗ ಒಂದು ನಿಮಿಷ ಆಯಿತು. ಎಲ್ಲರೂ ಕುಳಿತುಕೊಳ್ಳಬಹುದು."