ಚಿಗವ್ವ ಬೈಯದಿದ್ದ ದಿನ

ನಿನ್ನೆ ಕೊಪ್ಪಳದ ಪಕ್ಕದ ಭಾಗ್ಯನಗರದ ಔಷಧಿ ಅಂಗಡಿಯ ಮುಂದೆ ಯಾರದೋ ಕೈಯಿಂದ ಸ್ಪಿರಿಟ್ ಬಾಟಲಿ ಬಿದ್ದು ಒಡೆಯಿತು. ಜನ ಮೂಗು ಮುಚ್ಚಿಕೊಂಡು ದಾಟಿದರು; ನಾನು ಪಕ್ಕದ ಕಟ್ಟೆ ಹಿಡಿದು ಕುಳಿತುಬಿಟ್ಟೆ. ಡಿಗ್ರಿ ಓದಿದವನು ವಾಸನೆಗೆ ಹೆದರಿದ ಎಂದು ನೀವು ನಗಬಹುದು. ನಗಿ, ಪರವಾಗಿಲ್ಲ.

ತಳಕಲ್ಲಿನ ನಮ್ಮ ಚಿಗವ್ವ, ಅಂದರೆ ಚಿಕ್ಕಪ್ಪನ ಹೆಂಡತಿ, ಬೈಯದೆ ಯಾರನ್ನೂ ಮಾತಾಡಿಸಿದವಳಲ್ಲ. ಊಟಕ್ಕೆ ಕರೆಯುವುದೂ "ಬಾರಲೇ ಮೂಳಾ, ರೊಟ್ಟಿ ಆರಾಕತ್ಯಾವ" ಎಂದೇ. ಒಂದು ವರ್ಷ ಶೇಂಗಾದ ಹೊಲದಲ್ಲಿ ಅವಳ ಅಂಗಾಲಿಗೆ ಜಾಲಿಮುಳ್ಳು ಮುರಿಯಿತು. ಕಿತ್ತು, ಅರಿಷಿಣ ಸುಣ್ಣ ಮೆತ್ತಿಕೊಂಡು ಮತ್ತೆ ಕಳೆ ತೆಗೆಯಲು ಕುಳಿತಳು. ಕಾಲು ಬಾತು ನಡುಕದ ಜ್ವರ ಬಂತು. ಕೌದಿಯ ಮೇಲೆ ಕೌದಿ ಹೊದಿಸಿದೆವು. ಮರುದಿನ ಮೈ ತಣ್ಣಗಾಯಿತು. "ಜ್ವರ ಇಳೀತು ನೋಡು" ಎಂದು ಚಿಕ್ಕಪ್ಪ ಹಿಗ್ಗಿ ಚಹಾಕ್ಕಿಟ್ಟ. ಚಹಾ ಕೊಡಲು ಹೋದ ನನಗೆ ಚಿಗವ್ವ, ಯಾರೋ ಬೀಗರಿಗೆ ಹೇಳುವಂತೆ ಮೆಲ್ಲಗೆ, "ಬರ್ರಿ, ಕೂಡ್ರಿ" ಎಂದಳು. ಎಲ್ಲರೂ ನಕ್ಕೆವು. ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಬರೋಣವೆಂದು ಟಂಟಂ ಆಟೊ ಹತ್ತಿ ಕೊಪ್ಪಳದ ದವಾಖಾನೆಗೆ ಬಂದೆವು.

ಸ್ಪಿರಿಟ್ ವಾಸನೆ ತುಂಬಿದ ಎಮರ್ಜೆನ್ಸಿ ಕೋಣೆಯಲ್ಲಿದ್ದ ಡಾಕ್ಟರಮ್ಮ ಇನ್ನೂ ಕಾಲೇಜು ಹುಡುಗಿಯಂತಿದ್ದರು. ಗಾಯ ನೋಡುವ ಮೊದಲೇ ಉಸಿರು ಎಣಿಸಿದರು, ಉಗುರು ಒತ್ತಿ ಬಣ್ಣ ಮರಳುವುದನ್ನು ಕಾದರು. ಚಿಗವ್ವ ಅವರಿಗೂ "ಬರ್ರಿ, ಕೂಡ್ರಿ" ಎಂದಳು.

"ಯಾವಾಗ್ಲೂ ಹಿಂಗ ಮಾತಾಡ್ತಾರೇನ್ರಿ?"

"ಇಲ್ರಿ ಡಾಕ್ಟ್ರ," ಎಂದ ಚಿಕ್ಕಪ್ಪ. "ಮುಂಜಾನಿಂದ ಒಂದು ಬೈಗುಳ ಇಲ್ಲ. ಮನಿ ಭಾಳ ಶಾಂತ ಐತಿ."

ಅವರು ನಗಲಿಲ್ಲ. "ಜ್ವರ ಇಳದು ತಣ್ಣಗಾಗಿಲ್ರಿ ಯಜಮಾನ್ರ. ನಂಜು ರಕ್ತಕ್ಕೇರೇತಿ. ಅದರ ಜೋಡಿ ಬಡದಾಡಾಕ ಹೋಗಿ ಮೈ ತನ್ನನ್ನ ತಾನ ಹೊಡಕೊಳ್ಳಾಕತ್ತೈತಿ. ಬಿಪಿ ಬಿದ್ದೈತಿ. ತಡಾ ಮಾಡಿದ್ರ ಉಳಿಯೂದಿಲ್ಲ."

ಎರಡೂ ಕೈಗೆ ಸಲೈನ್ ಏರಿತು. ಪರೀಕ್ಷೆಗೆ ರಕ್ತ ತೆಗೆದ ಬೆನ್ನಿಗೇ, ವರದಿಗೆ ಕಾಯದೆ, ಆಂಟಿಬಯೋಟಿಕ್ ಹೋಯಿತು. ಗಾಯ ಬಿಡಿಸಿ ಕೀವು ತೆಗೆದರು; ಒಳಗೆ ಮುಳ್ಳಿನ ಚೂರು ಉಳಿದಿತ್ತು. ಆತುರವೆಲ್ಲ ಅವರ ಕೈಯಲ್ಲಿತ್ತು, ದನಿಯಲ್ಲಿರಲಿಲ್ಲ. ಮತ್ತೆ ಮತ್ತೆ ಬಂದು ಬಿಪಿ ನೋಡುವರು, ಬಗ್ಗಿ ಮೂತ್ರದ ಚೀಲ ನೋಡುವರು. ಕೊನೆಗೆ ಚೀಲ ತುಂಬತೊಡಗಿದಾಗ ಚಿಕ್ಕಪ್ಪ ಅದಕ್ಕೇ ಕೈಮುಗಿದ.

ಮುಂದೊಂದು ಮುಂಜಾನೆ ಚಿಗವ್ವ ಕಣ್ಣು ಬಿಟ್ಟು, "ಏನ್ ನೋಡ್ತೀಯಲೇ, ಸಾಲಿ ಕಲತ ಕತ್ತೆ?" ಎಂದಳು. ಡಾಕ್ಟರಮ್ಮ ಆಗ ನಕ್ಕರು.

ನಿನ್ನೆ ಆ ಕಟ್ಟೆಯಿಂದೆದ್ದು ನೇರ ತಳಕಲ್ಲಿಗೆ ಹೋದೆ. ಇಷ್ಟು ವರ್ಷ ಕೇಳಲು ಅಂಜಿದ್ದನ್ನು ಚಿಗವ್ವನಿಗೆ ಕೇಳಿದೆ: ಆ ದಿನದ್ದು ಏನಾದರೂ ನೆನಪಿದೆಯೇ?

ನಾನು ಆ ಕೋಣೆಯಲ್ಲಿ ಸಾವೊಂದನ್ನೇ ಕಂಡಿದ್ದೆ. ಚಿಗವ್ವ ತುಸು ಯೋಚಿಸಿ, "ಆ ಡಾಕ್ಟರ್ ಹುಡುಗಿ ಮಾರಿ ನೆನಪೈತಿ," ಎಂದಳು. "ಭಾಳ ಸೊರಗಿತ್ತು. ನನ್ನ ಸಲುವಾಗಿ ಉಪಾಸ ನಿಂತಿತ್ತೋ ಏನೋ. 'ಉಂಡೀಯೇನವ್ವಾ' ಅಂತ ನಿಮಗೊಬ್ಬರಿಗೂ ಕೇಳಾಕ ಆಗಲಿಲ್ಲೇನ್ರಲೇ?"