ಇಲ್ಲಿ ಅಂದರೆ ಎಲ್ಲಿ?

ನನ್ನ ಬಲಗಿವಿಗೆ ಕಾಕ್ಲಿಯರ್ ಇಂಪ್ಲಾಂಟ್, ಎಡಗಿವಿಗೆ ಹಿಯರಿಂಗ್ ಏಡ್. ಎರಡೂ ಒಳ್ಳೆಯ ಮಷೀನುಗಳೇ. ಆದರೆ ಮಾತು ಬಿಟ್ಟ ನೆಗೆಣ್ಣಿಯರ ಹಾಗೆ ಒಂದೇ ಮನೆಯಲ್ಲಿದ್ದೂ ಬೇರೆ ಬೇರೆ ಸಂಸಾರ. ಒಂದೇ ಸುದ್ದಿಯನ್ನು ಬಲಗಡೆಯದು ಜೋರಾಗಿ ಹೇಳುತ್ತದೆ, ಎಡಗಡೆಯದು ತುಸು ಹಿಂದುಮುಂದಾಗಿ, ಮೆಲ್ಲಗೆ. ಹೀಗಾಗಿ ಏನು ಕೇಳಿಸಿತು ಎಂಬುದು ತಿಳಿಯುತ್ತದೆ, ಎಲ್ಲಿಂದ ಎಂಬುದು ತಿಳಿಯುವುದಿಲ್ಲ. ನನ್ನ ಪಾಲಿಗೆ ಜಗತ್ತೆಲ್ಲ ಬಲಗಡೆಯೇ ವಾಸವಾಗಿದೆ.

ನಾಶಿಕ್‌ನ ಆಡಿಯಾಲಜಿಸ್ಟ್ ಹುಡುಗಿ ನನ್ನನ್ನು ಅರ್ಧಚಂದ್ರಾಕಾರದಲ್ಲಿಟ್ಟ ಏಳು ಸ್ಪೀಕರುಗಳ ಮುಂದೆ ಕೂಡಿಸಿ, ಸದ್ದು ಬಂದ ಸ್ಪೀಕರಿನ ನಂಬರ್ ಹೇಳಿ ಅಂದಳು. ನಾನು ಪ್ರತಿ ಸಲ ಆರು ಅಂದೆ. ಆರನೆಯದು ಮಾತಾಡಿದಾಗ ಸರಿಯಾಯಿತು. "ವೆರಿ ಗುಡ್, ಆಂಟಿ" ಅಂದಳು. ಪಾಪ, ಚೆನ್ನಾಗಿ ಬೆಳೆಸಿದ್ದಾರೆ.

ಕಲಬುರಗಿಯ ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರ್ ಒಬ್ಬರು ಬೋರ್ಡಿನ ಕಡೆ ಮುಖ ಮಾಡಿದ್ದಾಗಲೇ ಯಾವ ಬೆಂಚಿನವಳು ಪಿಸುಗುಟ್ಟಿದಳೆಂದು ಹೇಳಿಬಿಡುತ್ತಿದ್ದರು. ಅದು ದೇವರು ಕೊಟ್ಟ ಪವರ್ ಎಂದು ನಾನು ನಂಬಿದ್ದೆ. ಎರಡು ಒಳ್ಳೆಯ ಕಿವಿ, ಅಷ್ಟೇ. ನನಗೂ ಇದ್ದವು. ಮದುವೆಯಾದ ಮೇಲೆ ಇವರು, ನನ್ನ ಯಜಮಾನರು, ಒಮ್ಮೆ ಕೆಮ್ಮಿದರೆ ಸಾಕು, ಯಾವ ಕಿಟಕಿಯ ಹತ್ತಿರ ನಿಂತಿದ್ದಾರೆಂದು ಅಡುಗೆಮನೆಯಲ್ಲೇ ತಿಳಿಯುತ್ತಿತ್ತು. ಆಗ ಅದನ್ನೊಂದು ಸುಖವೆಂದು ಎಣಿಸಿರಲಿಲ್ಲ.

ಇವರು ಬ್ಯಾಂಕಿನಲ್ಲಿದ್ದು ರಿಟೈರ್ ಆದವರು. ನನ್ನ ತೊಂದರೆಗೆ ಆಫೀಸಿನ ಪರಿಹಾರವನ್ನೇ ತಂದರು. "ಪತ್ರದಾಗ ಮೊದಲ ಫ್ರಮ್ ಅಡ್ರೆಸ್, ಆಮ್ಯಾಲ ವಿಷಯ. ಇನ್ನ ಮನ್ಯಾಗೂ ಹಂಗ." ಅಂದಿನಿಂದ ನಮ್ಮ ಫ್ಲ್ಯಾಟಿನಲ್ಲಿ ಕೂಗಿಗೆ ವಿಳಾಸ ಬಂತು. "ಬಾಲ್ಕನಿ! ಹಾಲಿನಾಂವ ಬಂದಾನ." "ಬಾತ್‌ರೂಮ್! ಟಾವೆಲ್." ಎದುರುಮನೆಯ ಮರಾಠಿ ವಹಿನಿ ಒಂದು ದಿನ ನನ್ನನ್ನು ಲಿಫ್ಟಿನ ಹತ್ತಿರ ನಿಲ್ಲಿಸಿ, "ಕಾಕಾ ಠೀಕ್ ಆಹೇತ್ ನಾ?" ಎಂದು ಕೇಳಿದಳು. ಠೀಕ್ ಇದ್ದರು. ನಾವಿಬ್ಬರೂ ಠೀಕ್ ಇದ್ದೆವು.

ಸಂಭಾಜಿನಗರದಲ್ಲಿರುವ ಮಗಳಿಗೆ ಮಾತ್ರ ಹಾಗೆ ಅನಿಸಿರಲಿಲ್ಲ. ಅಲ್ಲೇ ಹತ್ತಿರದ ಬಿಡಕಿನ್‌ನ ಫ್ಯಾಕ್ಟರಿಯಲ್ಲಿ ಇಂಜಿನಿಯರ್. ಹೊಸ ಮನೆ ಕಟ್ಟಿಸಿ, ಎಂಟು ದಿನಕ್ಕೆಂದು ನಮ್ಮನ್ನು ಕರೆಸಿಕೊಂಡಳು. ಮೊದಲನೆಯ ಸಂಜೆಯೇ ಅಸಲು ವಿಷಯ ತೆಗೆದಳು.

"ಅವ್ವಾ, ಅಪ್ಪ ಎಲ್ಲರೆ ಬಿದ್ರ ನಿನಗ ಹುಡುಕ್ಲಿಕ್ಕೂ ಬರೂದಿಲ್ಲ. ನಾಶಿಕ್ ಫ್ಲ್ಯಾಟ್ ಖಾಲಿ ಮಾಡ್ರಿ. ಇಲ್ಲೇ ಇದ್ದುಬಿಡ್ರಿ."

ಅವಳ ಮಾತಿನಲ್ಲಿ ತಪ್ಪು ಹುಡುಕಿದೆ. ಸಿಗಲಿಲ್ಲ. ಆದರೆ ಆ ಫ್ಲ್ಯಾಟ್ ನಮ್ಮದು. ಅಲ್ಲಿ ಬೇಕಾದಾಗ ಏಳುತ್ತೇವೆ, ಬೇಕಾದ್ದು ತಿನ್ನುತ್ತೇವೆ. ಬಿಡಲು ಮನಸ್ಸಿರಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಮಗಳು ಕೆಲಸಕ್ಕೆ ಹೋಗಿದ್ದಳು. ನಾನು ಅಡುಗೆಮನೆಯಲ್ಲಿ ಮೆಂತ್ಯದ ಸೊಪ್ಪು ಸೋಸುತ್ತಿದ್ದೆ. ಧಡ್ ಎಂದಿತು. ಆಮೇಲೆ ಇವರ ದನಿ: "ಇಲ್ಲಿ!"

ಬಲಕ್ಕೆ ತಿರುಗಿದೆ. ಫ್ರಿಜ್ ಇತ್ತು.

"ಎಲ್ಲಿ ರೀ?"

"ಇಲ್ಲೇ!"

ನನ್ನ ಮಟ್ಟಿಗೆ ಇದಕ್ಕಿಂತ ನಿರುಪಯೋಗಿ ಶಬ್ದ ಇನ್ನೊಂದಿಲ್ಲ. ಆಡಿಯಾಲಜಿಸ್ಟ್ ಹೇಳಿಕೊಟ್ಟಂತೆ ನಿಂತಲ್ಲೇ ಮೆಲ್ಲಗೆ ತಲೆ ತಿರುಗಿಸಿದೆ, ಹತ್ತು ಹೆಜ್ಜೆ ನಡೆದೆ, ಸದ್ದು ಹೆಚ್ಚಾಯಿತೇ ಎಂದು ನೋಡಿದೆ. ಹೊಸ ಮನೆ, ಬರೀ ಟೈಲ್ಸು, ಬೋಳು ಗೋಡೆ. ಎಲ್ಲ ಕಡೆ ಅಷ್ಟೇ ಇತ್ತು. ಬಾತ್‌ರೂಮ್ ನೋಡಿದೆ. ಅಂಗಳ ನೋಡಿದೆ. ಗಾಬರಿಯಾದಾಗ ನನಗೆ ಈಗಲೂ ಮೊದಲು ಬರುವುದು ಕಾನ್ವೆಂಟಿನಲ್ಲಿ ಕಲಿತ ಹೇಲ್ ಮೇರಿ ಪ್ರಾರ್ಥನೆ, ಮನೆದೇವರು ಆಮೇಲೆ. ಎರಡೂ ಮುಗಿದವು. ಕೈಯಲ್ಲಿ ಇನ್ನೂ ಮೆಂತ್ಯದ ಕಟ್ಟು ಇತ್ತು.

ಆಗ ಇವರಿಗೆ ಏನು ಹೊಳೆಯಿತೋ. ಇವರ ಕಿವಿ ಚುರುಕು. ನನ್ನ ಚಪ್ಪಲಿಯ ಸದ್ದು ಇವರಿಗೆ ಕೇಳುತ್ತಿತ್ತು.

"ದೂರ ಹೊಂಟಿ! ಹೊಳ್ಳು!"

ಹೊಳ್ಳಿ ಹಿಂದಕ್ಕೆ ಬಂದೆ.

"ಹಾಂ, ಮೆಟ್ಟಲ ಹತ್ತು. ಬರ್ಲಿ, ಬರ್ಲಿ, ಬರ್ಲಿ..."

ಲಾರಿ ರಿವರ್ಸ್ ತೆಗೆಯುವಾಗ ಹಿಂದೆ ನಿಂತ ಕ್ಲೀನರ್ ಕೂಗುತ್ತಾನಲ್ಲ, ಅದೇ ರಾಗ. ನಾನು ಅವರನ್ನು ಹುಡುಕಲಿಲ್ಲ, ಬಿದ್ದಲ್ಲಿಂದಲೇ ಅವರು ನನ್ನನ್ನು ಪಾರ್ಕ್ ಮಾಡಿಸಿಕೊಂಡರು.

"ಬರ್ಲಿ, ಬರ್ಲಿ... ಬಸ್! ಕಾಲ ತುಳೀತೀ."

ಬೆನ್ನಿಗೆ ಗೋಡೆ ಕೊಟ್ಟು, ಪಾದ ಹಿಡಿದುಕೊಂಡು ಕೂತಿದ್ದರು. ಪಾದ ಉಳುಕಿತ್ತು, ಮತ್ತೇನೂ ಆಗಿರಲಿಲ್ಲ. ಅದು ಖಾತ್ರಿಯಾದ ಮೇಲೆ ನನಗೆ ಸಿಟ್ಟು ಬಂತು.

"ಫ್ರಮ್ ಅಡ್ರೆಸ್ ಯಾಕ ಹೇಳ್ಲಿಲ್ರಿ?"

"ಹೇಳಬೇಕಂದೆ. ಇದಕ್ಕ ಏನಂತಾರ?"

ಸುತ್ತ ನೋಡಿದೆ. ಮೆಟ್ಟಿಲು ಮುಗಿದ ಮೇಲೆ, ಟೆರೇಸಿನ ಬಾಗಿಲಿಗಿಂತ ಮೊದಲು, ಒಂದು ಜಾಗ. ಮೆಟ್ಟಿಲೆನ್ನಲು ದೊಡ್ಡದು, ಕೋಣೆಯೆನ್ನಲು ಸಣ್ಣದು. ಒಂದು ಇನ್ವರ್ಟರ್, ಹಳೆಯ ಶೂಸು. ಏನನ್ನುತ್ತಾರೋ ನನಗೂ ಗೊತ್ತಿರಲಿಲ್ಲ. ಪಕ್ಕದಲ್ಲಿ ಕೂತೆ, ಅವರ ಎಡಕ್ಕೆ, ನನ್ನ ಬಲಗಿವಿಗೆ ಅವರು ಸಿಗುವಂತೆ.

ಸಂಜೆ ಮಗಳು ಬಂದು, ಅಪ್ಪನ ಕಾಲಿಗೆ ಕಟ್ಟಿದ ಪಟ್ಟಿ ನೋಡಿ ಸೊಂಟದ ಮೇಲೆ ಕೈಯಿಟ್ಟಳು. "ನಾ ಹೇಳಿದ್ದೇನು? ಇದೇ ನಾಶಿಕ್‌ನ್ಯಾಗ ಆಗಿದ್ರ?"

"ನಾಶಿಕ್‌ನ್ಯಾಗ ಎಲ್ಲಾ ಜಾಗಾಕ್ಕೂ ಹೆಸರದಾವ," ಅಂದರು ಇವರು, ಚಹಾ ಊದುತ್ತ.

ಮಗಳು ಸೋಲುವವಳಲ್ಲ. ಕಪಾಟಿನಿಂದ ಮನೆಯ ಪ್ಲ್ಯಾನ್ ತಂದು ಟೇಬಲ್ ಮೇಲೆ ಹಾಸಿದಳು. ಬೆರಳಿಟ್ಟು ಕೆಳಗಿನಿಂದ ಮೇಲಕ್ಕೆ ಹೋದಳು: ಹಾಲ್, ಕಿಚನ್, ಬೆಡ್‌ರೂಮ್, ಟೆರೇಸ್. ಅಪ್ಪ ಬಿದ್ದ ಜಾಗಕ್ಕೆ ಬಂದು ಬೆರಳು ನಿಂತಿತು. ಅಲ್ಲಿ ಎರಡು ಗೆರೆಗಳಿದ್ದವು, ನಡುವೆ ಏನೂ ಬರೆದಿರಲಿಲ್ಲ.

ಫ್ಲ್ಯಾಟ್ ಖಾಲಿ ಮಾಡುವ ಮಾತು ಮತ್ತೆ ತೆಗೆಯದೆ, ಭಾನುವಾರ ತಾನೇ ನಮ್ಮನ್ನು ನಾಶಿಕ್ ಬಸ್ಸಿಗೆ ಹತ್ತಿಸಿದಳು.